ಉಳವಪ್ಪನ ಹಲ್ಲು, ಈಶಪ್ಪನ ಬಾಯಿ

ಹಳಿಯಾಳ ಪೇಟೆಯ ಕಿರಾಣಿ ಅಂಗಡಿಯ ಈಶಪ್ಪ ಕೆಟ್ಟ ಮನುಷ್ಯನಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಯಾಕೆಂದರೆ ಇನ್ನು ಸ್ವಲ್ಪ ಹೊತ್ತಿನಲ್ಲಿ ಅವನ ಮೇಲೆ ಸತ್ತವನ ಬಾಯಿಂದ ಹಲ್ಲು ಕದ್ದ ಆರೋಪ ಬರಲಿದೆ. ಆಗ ನೀವು ಅವಸರಪಟ್ಟು ಏನಾದರೂ ತಿಳಿದುಕೊಂಡರೆ ಪಾಪ, ಅವನ ಗತಿಯೇನು? ಅವನಲ್ಲಿದ್ದ ದೋಷ ಒಂದೇ. ಸುಮ್ಮನೆ ನಿಜ ಹೇಳಿದರೆ ಮುಗಿದುಹೋಗುವ ಕಡೆಯಲ್ಲೆಲ್ಲ ಅವನು ಇನ್ನೇನನ್ನೋ ಹೇಳಿ ಸಿಕ್ಕಿಬೀಳುತ್ತಿದ್ದ.

ಶೇರು ಹೋಗಿ ಕಿಲೋ ಬಂದು, ಗಿರಾಕಿಗಳೂ ಅಂಗಡಿಯವರೂ ಒಬ್ಬರನ್ನೊಬ್ಬರು ಸಂಶಯದಿಂದ ನೋಡುತ್ತಿದ್ದ ಕಾಲ ಅದು. ಈಶಪ್ಪನಿಗೆ ಆ ಚಿಂತೆ ಇರಲಿಲ್ಲ. ಅವನು ಉಣ್ಣುವುದರಲ್ಲಿ ಸುಖ ಕಂಡವನು. ಕಡಕ್ ರೊಟ್ಟಿ ಮುರಿದು, ಶೇಂಗಾ ಚಟ್ನಿ ಹಚ್ಚಿ, ಮೇಲೊಂದು ಹಸಿ ಉಳ್ಳಾಗಡ್ಡಿ ಕಚ್ಚಿದನೆಂದರೆ ಅಂಗಡಿಯಲ್ಲಿ ಗಿರಾಕಿ ಕೂಗಿದರೂ ಅವನಿಗೆ ಕೇಳಿಸುತ್ತಿರಲಿಲ್ಲ. ಆದರೆ ಊಟ ಮುಗಿದ ಕೂಡಲೇ ಸುಣ್ಣ ತಿಕ್ಕಿದ ತಂಬಾಕನ್ನು ದವಡೆಗಿಟ್ಟುಕೊಳ್ಳುವುದೂ ಅವನಿಗೆ ಅಷ್ಟೇ ಪ್ರೀತಿ. ಈ ಎರಡು ಪ್ರೀತಿಗಳ ಜಗಳದಲ್ಲಿ ಹಲ್ಲುಗಳು ಸೋತವು. ಕೆಲವು ಬಿದ್ದವು, ಕೆಲವು ಅಲುಗಾಡಿದವು, ಉಳಿದವು ವಸಡು ಊದಿಸಿ ಅವನನ್ನು ಚೀರಾಡಿಸಿದವು. ಲವಂಗದ ಎಣ್ಣೆಯಿಂದ ಏನೂ ಆಗಲಿಲ್ಲ.

“ದಾಂಡೇಲ್ಯಾಗ ಹಲ್ಲಿನ ಡಾಕ್ಟರ ಬಂದಾನಂತ. ಹೋಗಿ ಕೀಳಿಸ್ಕೊಂಡ ಬರ್ರಿ,” ಎಂದಳು ಹೆಂಡತಿ ಗುರುಸಿದ್ದವ್ವ. “ನೀವು ನರಳೂದು ಕೇಳಿ ಎಮ್ಮಿ ಹಾಲ ಕೊಡವಲ್ದು.”

ದಾಂಡೇಲಿಯಲ್ಲಿ ಕಾಗದದ ಕಾರ್ಖಾನೆ ಬಂದ ಮೇಲೆ ಅಲ್ಲಿಗೆ ಬಾರದ ಜನವೇ ಇರಲಿಲ್ಲ. ಮಿರಜ್ ಕಡೆಯಿಂದ ಬಂದ ಈ ಡಾಕ್ಟರೂ ಹಾಗೆಯೇ ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಖೋಲಿ ಹಿಡಿದು ಕೂತಿದ್ದ. ಈಶಪ್ಪನ ಬಾಯಿಯೊಳಗೆ ಕನ್ನಡಿ ಹಾಕಿ ನೋಡಿ, “ಅರೇ ಬಾಪರೇ! ಕಾಕಾ, ಇದು ಬಾಯೋ, ಹಾಳು ಬಿದ್ದ ವಾಡೇನೋ?” ಎಂದ.

ಆಮೇಲೆ ಸಮಾಧಾನದಿಂದ ಬಿಡಿಸಿ ಹೇಳಿದ. “ಮೂರು ದಾರಿ ಅದಾವ ಕಾಕಾ. ಗಟ್ಟಿ ಇದ್ದ ಹಲ್ಲು ಉಳಿಸಿ, ಅವಕ್ಕ ತಂತಿ ಹಾಕಿ ನಡುವಿನವು ಕೂಡಸ್ತೇನಿ. ಇಲ್ಲಾ, ಆಕಡೆ ಈಕಡೆ ಹಲ್ಲಿಗೆ ಬಂಗಾರದ ಟೊಪ್ಪಿಗಿ ಹಾಕಿ ನಡುವ ಪೂಲ್ ಕಟ್ಟತೇನಿ. ಇಲ್ಲಾ, ಎಲ್ಲಾ ಕಿತ್ತು ಪೂರಾ ಹೊಸಾ ಸೆಟ್ಟು.”

“ನಮ್ಮೂರ ಹಳ್ಳಕ್ಕ ಇನ್ನೂ ಪೂಲ್ ಆಗಿಲ್ರಿ. ನನ್ನ ಬಾಯಾಗ ಕಟ್ಟತೀರೇನು? ಮಂದಿ ಏನಂದಾರು?” ಎಂದ ಈಶಪ್ಪ. “ಎಲ್ಲಾ ಕೀಳ್ರಿ.”

ಕೀಳುವುದು ಒಂದು ದಿನದ ಕೆಲಸವಾಗಲಿಲ್ಲ. ಹೋದಾಗಲೊಮ್ಮೆ ಸೂಜಿ ಚುಚ್ಚಿ, ವಸಡು ಜೋಮು ಹಿಡಿಸಿ, ಆಗುವಷ್ಟು ಕಿತ್ತು ಕಳಿಸುತ್ತಿದ್ದ. ಕಡೆಯ ದವಡೆ ಹಲ್ಲೊಂದು ಬೇರು ಸೊಟ್ಟ ಮಾಡಿಕೊಂಡು ಎಲುಬಿಗೆ ಅಂಟಿ ಕೂತಿತ್ತು. ಅದಕ್ಕೆ ವಸಡು ಕೊಯ್ದು, ಹಲ್ಲನ್ನು ಒಳಗೇ ಒಡೆದು ತುಂಡು ತುಂಡಾಗಿ ತೆಗೆದು, ಮೇಲೆ ಹೊಲಿಗೆ ಹಾಕಬೇಕಾಯಿತು. ಅವತ್ತು ಬಾಯಲ್ಲಿ ಹತ್ತಿ ಕಚ್ಚಿಕೊಂಡು ಬಸ್ಸಿನಲ್ಲಿ ಕೂತ ಈಶಪ್ಪನನ್ನು ಕಂಡಕ್ಟರ್ “ಎಲ್ಲಿಗ್ರಿ?” ಎಂದು ಕೇಳಿದ. ಈಶಪ್ಪ “ಹೂಂ ಹೂಂ” ಎಂದ. ಕಂಡಕ್ಟರ್ ತನಗೆ ತಿಳಿದಂತೆ ಧಾರವಾಡದ ಟಿಕೀಟು ಹರಿದು ಕೊಟ್ಟ. ಈಶಪ್ಪ ಹಳಿಯಾಳದಲ್ಲಿ ಇಳಿಯಹೋದರೆ, “ಧಾರವಾಡ ಇನ್ನೂ ಬಂದಿಲ್ರಿ ಯಜಮಾನ್ರ,” ಎಂದು ತೋಳು ಹಿಡಿದು ಮತ್ತೆ ಕೂರಿಸಿದ. ಈಶಪ್ಪ ಧಾರವಾಡ ನೋಡಿಕೊಂಡೇ ಮನೆಗೆ ಬರಬೇಕಾಯಿತು.

ವಸಡು ಪೂರ್ತಿ ಮಾಯುವವರೆಗೆ ಹೊಸ ಹಲ್ಲು ಕೂರಿಸುವಂತಿಲ್ಲ ಎಂದು ಡಾಕ್ಟರು ಹೇಳಿದ್ದ. ಹೀಗಾಗಿ ಹಿಂಗಾರಿ ಜೋಳ ಬಿತ್ತಿ ಬೆಳೆದು ಮನೆಗೆ ಬರುವ ತನಕ ಈಶಪ್ಪ ಬಾಯಿಗೆ ಟವೆಲು ಸುತ್ತಿಕೊಂಡು ಅಂಗಡಿಯಲ್ಲಿ ಕೂತ. ಕೇಳಿದವರಿಗೆಲ್ಲ ಗದ್ದಕ್ಕೆ ಬಾವು ಬಂದಿದೆ ಎಂದ. ಮನೆಯಲ್ಲಿ ಅಂಬಲಿ, ನುಚ್ಚು, ಮತ್ತೆ ಅಂಬಲಿ. ಗುರುಸಿದ್ದವ್ವ ರೊಟ್ಟಿ ಮುರಿಯುವ ಸಪ್ಪಳ ಕೇಳಿದರೆ ಅವನ ಕಣ್ಣಲ್ಲಿ ನೀರು ಬರುತ್ತಿತ್ತು. ಮತ್ತೆ ಒಂದು ದಿನ ರೊಟ್ಟಿ ಕಚ್ಚಬೇಕು ಎನ್ನುವುದನ್ನು ಬಿಟ್ಟರೆ ಆ ದಿನಗಳಲ್ಲಿ ಅವನಿಗೆ ಬೇರೆ ಆಸೆಯೇ ಇರಲಿಲ್ಲ.

ಅಳತೆ ತೆಗೆಯುವ ದಿನ ಬಂತು. ಡಾಕ್ಟರು ಬಾಯಿಗೆ ಗಾರೆಯಂಥದ್ದನ್ನು ತುಂಬಿ ಅಚ್ಚು ತೆಗೆದ. ಆಮೇಲೆ ಕಪಾಟಿನಿಂದ ಹೊಳೆಯುವ ಹಲ್ಲಿನ ಸಾಲುಗಳನ್ನು ತಂದಿಟ್ಟು, “ನೋಡ್ರಿ, ಸಿನೆಮಾದಾಗಿನ ಹೀರೋನಂಗ ಕಾಣಸ್ತೀರಿ,” ಎಂದ.

ಈಶಪ್ಪ ಗಾಬರಿಯಾದ. “ಹಿಂಗ ಸಾಲಾಗಿ ಬ್ಯಾಡ್ರಿ. ಮಂದಿಗೆ ಕಟ್ಟಿಸಿದ್ದು ಅಂತ ಗೊತ್ತಾಗಿ ಬಿಡತೈತಿ. ಖರೇ ಹಲ್ಲಿನಂಗ ಕಾಣಬೇಕು.”

“ಖರೇ ಹಲ್ಲು ಅಂದ್ರ ಹೆಂಗ?”

“ಮುಂದಿನ ಎರಡರ ನಡುವ ಚೂರ ಸಂದು ಇರಲಿ. ಎಡಗಡೀದು ಹಿಂಗ, ಸ್ವಲ್ಪ ಹೊರಗ ಬಂದು, ಮಗ್ಗಲದ್ರ ಮ್ಯಾಲೆ ಒರಗಿರಲಿ. ಬಣ್ಣ ಬೆಳ್ಳಗ ಬ್ಯಾಡ, ತುಪ್ಪದ ಬಣ್ಣ ಇರಲಿ.”

ಡಾಕ್ಟರಿಗೆ ಇಂಥ ಗಿರಾಕಿ ಸಿಕ್ಕಿದ್ದು ಅದೇ ಮೊದಲು. ಆದರೂ ಹೇಳಿದ ಹಾಗೆಯೇ ಮಾಡಿಕೊಟ್ಟ.

ಇಲ್ಲಿ ಉಳವಪ್ಪನ ವಿಷಯ ಹೇಳಬೇಕು. ಉಳವಪ್ಪ ಈಶಪ್ಪನ ಪಕ್ಕದ ಮನೆಯವನು, ಹತ್ತಿಯ ದಲಾಲಿ, ತೀರಿಕೊಂಡು ಇನ್ನೂ ವರ್ಷ ತುಂಬಿರಲಿಲ್ಲ. ಬದುಕಿದ್ದಷ್ಟು ಕಾಲ ಸಂಜೆಯಾದರೆ ಈಶಪ್ಪನ ಅಂಗಡಿಯ ಕಟ್ಟೆಯ ಮೇಲೆ ಪಗಡೆ ಹಾಸಿ ಕೂರುತ್ತಿದ್ದ. ಗೆದ್ದರೂ ನಗು, ಸೋತರೂ ನಗು. ತಲೆ ಹಿಂದಕ್ಕೆ ಚೆಲ್ಲಿ ನಕ್ಕನೆಂದರೆ ಆ ನಗೆ ಇಡೀ ಪೇಟೆಗೆ ಕೇಳುತ್ತಿತ್ತು, ಆ ಹಲ್ಲು ಇಡೀ ಪೇಟೆಗೆ ಕಾಣುತ್ತಿತ್ತು. ಮುಂದೆ ಚೂರು ಸಂದು, ಎಡಗಡೆಯದು ಪಕ್ಕದ್ದರ ಮೇಲೆ ಒರಗಿದ್ದು, ತುಪ್ಪದ ಬಣ್ಣ. ಈಶಪ್ಪ ವರ್ಷಗಟ್ಟಲೆ ಎದುರಿಗೆ ಕೂತು ನೋಡಿದ ಬಾಯಿ ಅದೊಂದೇ. ಡಾಕ್ಟರು ಕೇಳಿದಾಗ ಅದೇ ಕಣ್ಣ ಮುಂದೆ ಬಂತು. ತಾನು ಯಾರ ಹಲ್ಲನ್ನು ಹೇಳುತ್ತಿದ್ದೇನೆ ಎಂಬುದು ಮಾತ್ರ ಅವನಿಗೆ ಹೊಳೆಯಲಿಲ್ಲ. ಅಷ್ಟು ಹೊಳೆಯುವ ತಲೆ ಅವನದಾಗಿದ್ದರೆ ನಾನು ಇವನ ಕಥೆ ಹೇಳುವ ಗೋಜಿಗೇ ಹೋಗುತ್ತಿರಲಿಲ್ಲ.

ಹೊಸ ಹಲ್ಲಿನೊಂದಿಗೆ ಈಶಪ್ಪ ಅಂಗಡಿ ತೆರೆದ. ಟವೆಲು ಇಲ್ಲದ ಮುಖವನ್ನು ಮೊದಲು ನೋಡಿದವನು ಸಿಂಪಿಗ ಸೋಮಪ್ಪ.

“ಏನೋ ಈಶಪ್ಪ, ಬಾಯಾಗ ಹಲ್ಲ ಅದಾವಲ್ಲ! ಅವೆಲ್ಲಾ ಬಿದ್ದಾವಂತ ಸುದ್ದಿ ಇತ್ತು?”

“ಬಿದ್ದಿದ್ದವು,” ಎಂದ ಈಶಪ್ಪ. ಇನ್ನೆರಡು ಮಾತು ಸೇರಿಸಿ, ದಾಂಡೇಲಿಯಲ್ಲಿ ಕಟ್ಟಿಸಿಕೊಂಡೆ ಎಂದಿದ್ದರೆ ಸೋಮಪ್ಪ ತನ್ನ ಮಷೀನಿಗೆ ಮರಳುತ್ತಿದ್ದ, ನಾವು ನಮ್ಮ ಕೆಲಸಕ್ಕೆ ಮರಳಬಹುದಿತ್ತು. ಆದರೆ ಈಶಪ್ಪನಿಗೆ ಇದ್ದಕ್ಕಿದ್ದಂತೆ ಮುದುಕನೆನಿಸಿಕೊಳ್ಳುವ ಭಯ ಹುಟ್ಟಿತು. “ಬಿದ್ದಿದ್ದವು. ಮತ್ತ ಹುಟ್ಟಿದವು,” ಎಂದುಬಿಟ್ಟ.

“ಹುಟ್ಟಿದವು?”

“ಹೂಂ. ಜೋಯಿಡಾ ಕಡೆ ಕಾಡಿನ್ಯಾಗ ಒಬ್ಬ ಬೈರಾಗಿ ಒಂದ ಬೇರ ಕೊಟ್ಟಿದ್ದ. ಜಗಿದೆ. ಹುಟ್ಟಿದವು.”

ಸಂಜೆಯೊಳಗೆ ಹಳಿಯಾಳದಲ್ಲಿ ಹಲ್ಲಿಲ್ಲದವರು ಎಷ್ಟು ಜನ ಇದ್ದಾರೆ ಎಂಬುದು ಈಶಪ್ಪನಿಗೆ ತಿಳಿಯಿತು. ಎಲ್ಲರೂ ಅವನ ಅಂಗಡಿಯ ಮುಂದೆ ನಿಂತಿದ್ದರು. ಬೇರು ಕೊಡು ಎಂದರು, ಕೈಮುಗಿದರು, ಬೈದರು. ಬೇರೆ ದಾರಿ ಕಾಣದೆ ಈಶಪ್ಪ ಅಂಗಡಿಯಲ್ಲಿದ್ದ ಜೇಷ್ಠಮಧುವಿನ ಕಡ್ಡಿ ಮುರಿದು ಎಲ್ಲರಿಗೂ ಹಂಚಿದ. ಊರ ಹಿರಿಯರೆಲ್ಲ ಕಟ್ಟೆಕಟ್ಟೆಯ ಮೇಲೆ ಕೂತು ಬರೀ ವಸಡಿನಿಂದ ಅದನ್ನು ಜಗಿಯತೊಡಗಿದರು. ದಿನಕ್ಕೊಮ್ಮೆ ಒಬ್ಬರ ಬಾಯಲ್ಲಿ ಒಬ್ಬರು ಬೆರಳಿಟ್ಟು ಏನಾದರೂ ಚುಚ್ಚುತ್ತದೆಯೇ ಎಂದು ನೋಡಿದರು. ಏನೂ ಚುಚ್ಚಲಿಲ್ಲ.

ಒಂದು ಮಧ್ಯಾಹ್ನ ಮುದುಕಿ ಕಾಶೆವ್ವ ಕೋಲೂರಿಕೊಂಡು ಅಂಗಡಿಗೆ ಬಂದಳು. ಎದುರು ಮನೆಯ ಈರಕ್ಕ ಆಗಲೇ ಎಣ್ಣೆಯ ಗಿಂಡಿ ಹಿಡಿದು ನಿಂತಿದ್ದಳು.

“ಏ ಈಶ್ಯಾ, ನಿನ್ನ ಬೇರ ಜಗಿದ ಜಗಿದ ಸಾಕಾತೋ,” ಎಂದಳು ಕಾಶೆವ್ವ.

“ಏನರ ಬಂತೇನ ಆಯಿ?”

“ಬಂತು. ಹಸಿವಿ ಬಂತು! ಹಲ್ಲ ಇಲ್ಲದಾಕಿಗೆ ಇಷ್ಟ ಹಸಿವಿ ಕೊಟ್ಟಿ, ಏನ ತಿನ್ನಲೋ ನಿನ್ನ ತಲಿ?”

ಅಲ್ಲಿಯವರೆಗೆ ಈಶಪ್ಪ ಸೆಟ್ಟು ಜಾರೀತೆಂದು ತುಟಿ ಬಿಗಿಹಿಡಿದೇ ನಗುತ್ತಿದ್ದ. ಅವತ್ತು ತಡೆಯಲಾಗಲಿಲ್ಲ. ತಲೆ ಹಿಂದಕ್ಕೆ ಚೆಲ್ಲಿ, ಬಾಯಿ ತೆರೆದು ಹೋ ಎಂದು ನಕ್ಕ.

ಈರಕ್ಕನ ಕೈಯಿಂದ ಗಿಂಡಿ ಬಿತ್ತು. “ಅಯ್ಯಯ್ಯಪ್ಪಾ! ಉಳವಪ್ಪಣ್ಣ ನಕ್ಕಾ!”

ಆ ಕೂಗಿಗೆ ಪೇಟೆಯೇ ಓಡಿಬಂತು. ಸೋಮಪ್ಪ ಕತ್ತರಿ ಹಿಡಿದುಕೊಂಡೇ ಬಂದ. “ಏನು, ಏನಾತು?” “ಉಳವಪ್ಪಣ್ಣನ ಹಲ್ಲು! ಇವರ ಬಾಯಾಗ!” ಎಂದಳು ಈರಕ್ಕ. “ಈಶಪ್ಪ, ಬಾಯಿ ತಗಿ.” ಈಶಪ್ಪ ಬಾಯಿ ಮುಚ್ಚಿಕೊಂಡ. “ತಗಿ ಅಂದ್ರ!” ಒಂದಿಷ್ಟು ತೆರೆದ. ಸೋಮಪ್ಪ ಬಗ್ಗಿ ನೋಡಿ ಹಿಂದೆ ಸರಿದ. ಸಂದು ಇತ್ತು, ಒರಗಿದ್ದು ಇತ್ತು, ತುಪ್ಪದ ಬಣ್ಣವೂ ಇತ್ತು. ಪೇಟೆಯಲ್ಲಿ ಆ ಹಲ್ಲಿನ ಗುರುತಿಲ್ಲದವರು ಯಾರಿದ್ದರು?

“ಖರೇ ಹೇಳತೇನಿ, ದಾಂಡೇಲ್ಯಾಗ ಕಟ್ಟಿಸ್ಕೊಂಡೇನಿ,” ಎಂದ ಈಶಪ್ಪ. ಈಗ ನಿಜ ಹೇಳಿದ. ಹೇಳಿ ಏನು ಪ್ರಯೋಜನ?

“ಅಂದ್ರ ಬೈರಾಗಿ?” ಎಂದ ಸೋಮಪ್ಪ.

“ಬೈರಾಗಿ ಇಲ್ಲ.”

“ಮತ್ತ ನನಗ ಜಗಿಸಿದ್ದೇನೋ ಭಾಡ್ಯಾ?” ಎಂದು ಕಾಶೆವ್ವ ಕೋಲೆತ್ತಿದಳು.

ಮೊದಲು ಸುಳ್ಳು ಹೇಳಿದವನ ಎರಡನೆಯ ಮಾತನ್ನು ಯಾರು ನಂಬುತ್ತಾರೆ? ನೆಟ್ಟಗೆ ಕಟ್ಟಿಸಿಕೊಂಡವನಾಗಿದ್ದರೆ ಹುಟ್ಟಿದವು ಎಂದು ಯಾಕೆ ಹೇಳಬೇಕಿತ್ತು? ಪೇಟೆ ಕೇಳಿದ್ದು ಇದನ್ನೇ.

ವಿಷಯವನ್ನು ಬಿಗಿ ಮಾಡಿದವನು ಅಡಿವೆಯ್ಯ. ಅವನು ಮಠದ ಅಯ್ಯ. ಪೇಟೆಯಲ್ಲಿ ಯಾರು ಲಿಂಗೈಕ್ಯರಾದರೂ ಕೊನೆಯ ಕ್ರಿಯೆ ಮಾಡಿಸುವವನು ಅವನೇ. ಸತ್ತವರನ್ನು ಸುಡುವ ಜನರಲ್ಲಿ ಈ ಗೊಂದಲ ಹುಟ್ಟುತ್ತಲೇ ಇರಲಿಲ್ಲ, ಹಲ್ಲೂ ಬೂದಿಯಾಗಿ ಹೋಗುತ್ತಿತ್ತು. ನಮ್ಮವರು ಹಾಗಲ್ಲ. ವಿಭೂತಿ ಹಚ್ಚಿ, ಅಂಗೈಯಲ್ಲಿ ಲಿಂಗವಿಟ್ಟು, ಕುಣಿಯೊಳಗಿನ ಗವಿಯಲ್ಲಿ ಕೂರಿಸಿ ಮಣ್ಣು ಕೊಡುತ್ತಾರೆ.

“ಉಳವಪ್ಪನ್ನ ಗವ್ಯಾಗ ಕುಂದ್ರಿಸಿದಾಂವ ನಾನು,” ಎಂದ ಅಡಿವೆಯ್ಯ. “ಒಂದ ಹಲ್ಲ ಕಡಿಮಿ ಇರಲಿಲ್ಲ. ಈಗ ಅವು ಮ್ಯಾಲೆ ಅಡ್ಡಾಡಾಕ ಹತ್ಯಾವಂದ್ರ ಏನರ್ಥ? ನಾಳೆ ದಾಂಡೇಲಿಗೆ ಹೋಗಿ ನಾನ ನೋಡ್ಕೊಂಡ ಬರ್ತೇನಿ.”

ಹೋಗಿ ಬಂದ. ಬಂದು ಅಂಗಡಿಗಳ ನಡುವೆ ನಿಂತು ಹೇಳಿದ. “ಕಣ್ಣಾರೆ ಕಂಡೆ. ಗಾಜಿನ ಭರಣಿ ತುಂಬ ಹಲ್ಲು! ಬೇರ ಸುದ್ದಾ! ಕಪಾಟ ತುಂಬ ಬ್ಯಾರೆ. ಅದು ದವಾಖಾನಿ ಅಲ್ರೀ, ಹಲ್ಲಿನ ಗೋದಾಮು. ಭರಣ್ಯಾಗಿನವು ಯಾರವು ಅಂತ ಕೇಳಿದೆ. ‘ಎಲ್ಲಾ ನಿಮ್ಮ ಕಡೆ ಮಂದೀವು’ ಅಂದ.”

ಭರಣಿಯಲ್ಲಿದ್ದವು ಡಾಕ್ಟರು ಕಿತ್ತ ಹಲ್ಲುಗಳು ಎಂದು ಹೇಳುವವರು ಅಲ್ಲಿ ಯಾರೂ ಇರಲಿಲ್ಲ.

“ಈಶಪ್ಪಂದೂ ಕೇಳಿದೆ. ಏನಂದ ಗೊತ್ತೇನು? ‘ಆ ಕಾಕಾ ನಾ ಕೊಟ್ಟದ್ದು ಒಲ್ಲೆ ಅಂದ್ರು. ಸಂದು ಎಲ್ಲಿ, ವಾರಿ ಎಲ್ಲಿ ಅಂತ ಹೇಳಿ, ಇಂಥಾವ ಬೇಕು ಅಂತ ಹಟ ಹಿಡದ್ರು’ ಅಂದ. ಗುರ್ತ ಹೇಳಿ ತರಿಸ್ಕೊಂಡಾನ್ರಿ ಇಂವ!”

“ಅಯ್ಯ ಶಿವನ!” ಎಂದಳು ಈರಕ್ಕ. “ಬರೂ ತಿಂಗಳ ಉಳವಪ್ಪಣ್ಣನ ವರ್ಷದ ಎಡಿ. ಆತನ ಹೇಣ್ತಿ ಸತ್ತೆವ್ವ ಹುರಕ್ಕಿ ಹೋಳಿಗಿ, ಕಡಕ್ ರೊಟ್ಟಿ ಎಡಿ ಹಿಡದ್ರ ಪಾಪ, ಆತ ಯಾವುದ್ರಿಂದ ತಿನ್ನಬೇಕು?”

ಈ ಪ್ರಶ್ನೆ ಪೇಟೆಯ ಹೊಟ್ಟೆಗೇ ತಟ್ಟಿತು. ಅವತ್ತಿನಿಂದ ಈಶಪ್ಪನ ಅಂಗಡಿಗೆ ಉಪ್ಪಿಗೂ ಒಬ್ಬರು ಬರಲಿಲ್ಲ.

ಮನೆಯ ಪರಿಸ್ಥಿತಿ ಇನ್ನೂ ವಿಚಿತ್ರ. ಉಳವಪ್ಪ ಈಶಪ್ಪನಿಗಿಂತ ದೊಡ್ಡವನು, ಅವನೆದುರು ಗುರುಸಿದ್ದವ್ವ ಎಂದೂ ತಲೆಯ ಮೇಲಿನ ಸೆರಗು ಜಾರಗೊಟ್ಟವಳಲ್ಲ. ಈಗ ಗಂಡ ಬಾಯಿ ತೆರೆದ ಕೂಡಲೇ ಗಡಬಡಿಸಿ ಸೆರಗು ಮುಂದೆಳೆದುಕೊಂಡು ಬಾಗಿಲ ಹಿಂದೆ ಹೋಗುತ್ತಿದ್ದಳು.

“ಏ, ನಾ ನಿನ್ನ ಗಂಡ!” ಎಂದು ಈಶಪ್ಪ ಕೂಗುತ್ತಿದ್ದ.

“ಮಾರಿ ನಿಮ್ಮದು, ಬಾಯಿ ಅವರದು,” ಎಂದು ಬಾಗಿಲ ಹಿಂದಿನಿಂದ ಉತ್ತರ ಬರುತ್ತಿತ್ತು. “ಇದು ಇತ್ಯರ್ಥ ಆಗೂ ತನಕ ಪಡಸಾಲ್ಯಾಗ ಉಣ್ರಿ. ಅಡಿಗಿ ಮನಿಗೆ ಬರಬ್ಯಾಡ್ರಿ.”

ಕಷ್ಟಪಟ್ಟು ಸಂಪಾದಿಸಿದ ಹಲ್ಲು ಬಾಯಲ್ಲಿದೆ, ಕಚ್ಚಲು ರೊಟ್ಟಿ ಇದೆ. ಆದರೆ ಪಡಸಾಲೆಯಲ್ಲಿ ಒಬ್ಬನೇ ಕೂತು ಕಚ್ಚಿದರೆ ರುಚಿ ಹತ್ತುತ್ತಿರಲಿಲ್ಲ.

ಸೋಮಪ್ಪ ಹವಾಲ್ದಾರ ಸಾತಪ್ಪನನ್ನು ಕರೆತಂದ. ಸಾತಪ್ಪ ಗಂಟಲು ಸರಿಮಾಡಿಕೊಂಡು, ಮೀಸೆ ತೀಡಿ, “ಮುದ್ದೇಮಾಲು ಎಲ್ಲೈತಿ?” ಎಂದ. ಎಲ್ಲರೂ ಈಶಪ್ಪನ ಬಾಯಿ ತೋರಿಸಿದರು. ಸಾತಪ್ಪನಿಗೆ ಕಾಯಿದೆಯ ತೊಡಕು ಎದುರಾಯಿತು. ಕಳವಿನ ಮಾಲು ಪೆಟ್ಟಿಗೆಯಲ್ಲಿದ್ದರೆ ಪೆಟ್ಟಿಗೆ ಜಪ್ತಿ ಮಾಡಬಹುದು. ಬಾಯಲ್ಲಿದ್ದರೆ? ಬಾಯಿಯನ್ನು ಜಪ್ತಿ ಮಾಡಿದರೆ ಅದರ ಹಿಂದೆ ಮನುಷ್ಯನೂ ಬರುತ್ತಾನೆ, ಅವನಿಗೆ ಊಟ ಯಾರು ಹಾಕಬೇಕು?

“ನಾ ತಗದ ತೋರಸ್ತೇನ್ರಿ,” ಎಂದ ಈಶಪ್ಪ ಅಳುವ ದನಿಯಲ್ಲಿ. ಹೆಬ್ಬೆರಳಿಟ್ಟು ಮೇಲಿನ ಸಾಲನ್ನು ಕಳಚಿ ಹೊರತೆಗೆದು ಹವಾಲ್ದಾರನ ಮುಂದೆ ಹಿಡಿದ.

ಜೀವಂತ ಮನುಷ್ಯನ ಬಾಯಿ ಹೀಗೆ ಬಿಚ್ಚಿ ಕೈಗೆ ಬರುವುದನ್ನು ಸಾತಪ್ಪ ತನ್ನ ನೌಕರಿಯಲ್ಲಿ ನೋಡಿರಲಿಲ್ಲ. ಒಂದೇ ನೆಗೆತಕ್ಕೆ ಕಟ್ಟೆಯಿಂದ ಕೆಳಗಿದ್ದ. ಇನ್ನು ಎಲ್ಲರಿಗೂ ಸತ್ಯ ತಿಳಿಯಿತು ಎಂದು ಈಶಪ್ಪನಿಗೆ ಧೈರ್ಯ ಬಂತು. ಆದರೆ ಸಾಲಿಗೆ ಅಂಟಿದ ಗುಲಾಬಿ ಬಣ್ಣದ ಪ್ಲಾಸ್ಟಿಕನ್ನು ಈರಕ್ಕ ನೋಡಿದ್ದಳು.

“ವಸಡ ಸುದ್ದಾ ಕೊಯ್ಕೊಂಡ ಬಂದಾನ್ರೋ!”

ಅದರ ಮೇಲೆ ಈಶಪ್ಪ ಏನು ಹೇಳಿದನೋ ಯಾರಿಗೂ ತಿಳಿಯಲಿಲ್ಲ. ಮೇಲಿನ ಸಾಲು ಕೈಯಲ್ಲಿದ್ದುದರಿಂದ ಮಾತೆಲ್ಲ ಗಾಳಿಯಾಗಿ ಹೋಯಿತು. ಹವಾಲ್ದಾರ ದೂರದಿಂದಲೇ, “ಇದು ನಮ್ಮ ಕಡೆ ಬರೂ ಕೇಸಲ್ಲ. ಮಠಕ್ಕ ಹೋಗ್ರಿ,” ಎಂದು ತೀರ್ಪು ಕೊಟ್ಟು ಹೊರಟ. ಸಂದಿಯ ತಿರುವಿನಲ್ಲಿ ನಿಂತು ಈಶಪ್ಪನನ್ನು ಸನ್ನೆ ಮಾಡಿ ಕರೆದು, “ಆ ಡಾಕ್ಟರ ಬಸ್ ಸ್ಟ್ಯಾಂಡಿನ ಯಾವ ಕಡೆ ಕುಂದರತಾನ? ನಂದೂ ಒಂದ ದವಡಿ ಹಲ್ಲ ಭಾಳ ಕಾಡತೈತಿ,” ಎಂದು ಮೆಲ್ಲಗೆ ಕೇಳಿ ಹೋದ.

ಸೋಮವಾರ ಸಂಜೆ ಪೂಜೆ ಮುಗಿದ ಮೇಲೆ ಮಠದಲ್ಲಿ ಪಂಚಾಯಿತಿ ಸೇರಿತು. ಗದ್ದುಗೆಯ ಮೇಲೆ ಮಠದ ಸ್ವಾಮಿಗಳಾದ ಅಜ್ಜಾರು. ಕೆಳಗೆ ಒಂದು ಕಡೆ ಗಂಡಸರು, ಕಂಬದಾಚೆ ಹೆಂಗಸರು. ಈಶಪ್ಪ ನಡುವೆ ತಲೆ ತಗ್ಗಿಸಿ ಕೂತಿದ್ದ. ಅಡಿವೆಯ್ಯ ಎಲ್ಲವನ್ನೂ ವಿವರಿಸಿ ಕೊನೆಗೆ ಹೇಳಿದ: “ಅಜ್ಜಾರ, ಯಾರ ವಸ್ತು ಅವರಿಗೆ ಮುಟ್ಟಬೇಕು. ಉಳವಪ್ಪನ ಸಮಾಧಿ ಮಗ್ಗಲಾಗ ಸಣ್ಣ ಕುಣಿ ತಗದು, ಮಂತ್ರ ಹೇಳಿ ಇವನ್ನ ಮಣ್ಣಿಗೆ ಕೊಡೋಣು. ಆತನೂ ಎಡಿ ತಿಂತಾನ, ಊರಿಗೂ ಕ್ಷೇಮ.”

“ಹೌದ್ರಿ, ಹೌದು,” ಎಂದಿತು ಸಭೆ.

ಈಶಪ್ಪ ಎದ್ದು ಕೈಮುಗಿದ. “ಅಜ್ಜಾರ, ನಾ ಕದ್ದಿಲ್ಲ. ಡಾಕ್ಟರ ಖರೇ ಹಲ್ಲ ಹೆಂಗಿರತಾವ ಅಂದ. ನನ್ನ ಕಣ್ಣ ಮುಂದ ಉಳವಪ್ಪಣ್ಣ ಬಂದಾ. ನಾ ಬ್ಯಾರೆ ಯಾರ ಬಾಯಿ ನೋಡೀನ್ರಿ? ಸುಳ್ಳ ಹೇಳಿದ್ದು ತಪ್ಪಾತು. ಆದ್ರ ಇವನ್ನ ಮಣ್ಣಾಗ ಹಾಕಿದ್ರ ನಾ ಸಾಯೂತನಕ ಅಂಬಲಿ ಕುಡೀಬೇಕೇನ್ರಿ?” ಅವನು ನಿಜವಾಗಿಯೂ ಅಳುತ್ತಿದ್ದ.

ಅಜ್ಜಾರು ಸಭೆಯ ಕಡೆ ತಿರುಗಿ, “ಹಲ್ಲು ಉಳವಪ್ಪಂದ ಅಂತ ಊರೆಲ್ಲಾ ಹೇಳತೈತಿ. ಹೇಳಬೇಕಾದಾಕಿ ಸತ್ತೆವ್ವ. ಆಕಿನ್ನ ಯಾರರ ಕೇಳೀರೇನು?” ಎಂದರು.

ಯಾರೂ ಕೇಳಿರಲಿಲ್ಲ. ಉಳವಪ್ಪನ ಹೆಂಡತಿ ಸತ್ತೆವ್ವ ಕಂಬದ ಹಿಂದಿನಿಂದ ಎದ್ದು ಬಂದಳು. ತೆಳ್ಳನೆಯ, ಮಾತು ಕಡಿಮೆಯ ಹೆಂಗಸು.

“ತಾಯಿ, ನೋಡಿ ಹೇಳು. ನೀ ಹೌದಂದ್ರ ಮಣ್ಣಿಗೆ ಹೋಗತಾವ. ಅಲ್ಲಂದ್ರ ಈಶಪ್ಪನ ಬಾಯಾಗ ಇರತಾವ. ನಿನ್ನ ಮಾತ ಕಡೀ ಮಾತು,” ಎಂದರು ಅಜ್ಜಾರು.

“ನನಗ ಹೆಂಗ ಗುರ್ತ ಹತ್ತಬೇಕ್ರಿ ಅಜ್ಜಾರ?” ಎಂದಳು ಸತ್ತೆವ್ವ.

ಅಡಿವೆಯ್ಯನಿಗೆ ಸಿಟ್ಟು ಬಂತು. “ಏನವಾ ಇದು! ಇಡೀ ಪ್ಯಾಟಿಗೆ ಗುರ್ತ ಐತಿ, ಗಂಡನ ಹಲ್ಲಿನ ಗುರ್ತ ನಿನಗಿಲ್ಲ?”

“ಪ್ಯಾಟಿಗೆ ಐತ್ರಿ ಅಯ್ಯಾರ. ಪ್ಯಾಟ್ಯಾಗ ನಗತಿದ್ರಲ್ಲ. ಮನಿ ಹೊಸ್ತಲ ದಾಟೂ ಮುಂದ ಬಾಯಿ ಮುಚ್ಕೊಂಡ ಬರತಿದ್ರು. ತಾಟ ನೋಡ್ಕೋತ ಉಂಡು, ಎದ್ದು ಹೋಗತಿದ್ರು. ಈಶಪ್ಪಣ್ಣನ ಕಟ್ಟಿ ಮ್ಯಾಲೆ ನಕ್ಕದ್ದು ನನ್ನ ಒಲಿ ಮುಂದ ಕೇಳತಿತ್ತು. ಕೇಳೀನಿ. ನೋಡಿಲ್ಲ.”

ಗಂಡಸರಲ್ಲಿ ಕೆಲವರು ಕಂಬ ನೋಡಿದರು, ಕೆಲವರು ತಮ್ಮ ಕಾಲ ಬೆರಳು ನೋಡಿಕೊಂಡರು. ಅಡಿವೆಯ್ಯ ಜಪಮಾಲೆ ತೆಗೆದ. ಹೆಂಗಸರ ಕಡೆ ಮಾತ್ರ ಯಾರೂ ತಲೆ ತಗ್ಗಿಸಲಿಲ್ಲ.

“ಈಶಪ್ಪಣ್ಣ,” ಎಂದಳು ಸತ್ತೆವ್ವ, “ಒಮ್ಮೆ ನಗು. ನೋಡತೇನಿ.”

ಈಶಪ್ಪ ನಗಲು ಹೋದ. ಕಣ್ಣಲ್ಲಿ ನೀರು, ನಗು ಎಲ್ಲಿಂದ ಬರಬೇಕು? ತುಟಿ ಹಿಗ್ಗಿಸಿದ. ಅದನ್ನು ನೋಡಿ ಒಂದು ಕೂಸು ಅತ್ತಿತು.

“ಹಂಗಲ್ಲ. ಅವರು ನಕ್ಕಂಗ ನಗು.”

ಈಶಪ್ಪ ತಲೆ ಹಿಂದಕ್ಕೆ ಚೆಲ್ಲಿ ಬಾಯಿ ಅಗಲಿಸಿದ. ಒತ್ತಡಕ್ಕೆ ಮೇಲಿನ ಸಾಲು ಸಡಿಲಿ ಟಕ್ಕೆಂದು ಕೆಳಗಿನ ಸಾಲಿನ ಮೇಲೆ ಕೂತು, ಬಾಯಿ ತಾನಾಗಿಯೇ ಮುಚ್ಚಿಕೊಂಡಿತು. ಗಾಬರಿಯಿಂದ ಹೆಬ್ಬೆರಳಿಟ್ಟು ಎತ್ತಿ ಹಿಡಿದ. ಬೆರಳು ತೆಗೆದ ಕೂಡಲೇ ಮತ್ತೆ ಟಕ್. ಗದ್ದುಗೆಯ ಮೇಲಿನ ಅಜ್ಜಾರು ತಡೆದು ತಡೆದು ನೋಡಿದರು, ಆಗಲಿಲ್ಲ, ಹೊಟ್ಟೆ ಹಿಡಿದುಕೊಂಡು ನಕ್ಕುಬಿಟ್ಟರು. ಅಜ್ಜಾರೇ ನಕ್ಕ ಮೇಲೆ ಸಭೆ ನಕ್ಕಿತು. ಇಷ್ಟು ಜನ ನಗುವುದನ್ನು ನೋಡಿ ಈಶಪ್ಪನಿಗೂ ನಗು ಬಂತು. ಬೆರಳು ತೆಗೆದು, ತಲೆ ಹಿಂದಕ್ಕೆ ಚೆಲ್ಲಿ, ಪೇಟೆಯ ಆ ತುದಿಗೆ ಕೇಳುವ ಹಾಗೆ ನಕ್ಕ. ಈ ಸಲ ಸೆಟ್ಟು ಜಾರಲಿಲ್ಲ.

ಸತ್ತೆವ್ವ ಎವೆಯಿಕ್ಕದೆ ನೋಡಿದಳು. ನಗೆಯೆಲ್ಲ ಅಡಗಿದ ಮೇಲೂ ನೋಡುತ್ತಲೇ ನಿಂತಿದ್ದಳು.

“ಚಂದ ಇತ್ತು,” ಎಂದಳು ಕಡೆಗೆ. “ಮಣ್ಣಾಗ ಹಾಕಬ್ಯಾಡ್ರಿ ಅಜ್ಜಾರ. ಇಷ್ಟ ವರ್ಷ ನನಗ ಕಾಣದ್ದು, ಮಣ್ಣಿಗೆ ಯಾಕ ಕಾಣಬೇಕು? ಈಶಪ್ಪಣ್ಣನ ಬಾಯಾಗ ಇರಲಿ. ಎಡಿ ದಿನಾ ಆತನೂ ಬಂದ ಉಂಡ ಹೋಗಲಿ.”

ಪಂಚಾಯಿತಿ ಮುಗಿಯಿತು. ಆ ಸಂಜೆ ಹಳಿಯಾಳ ಪೇಟೆಯಲ್ಲಿ ನಡೆದದ್ದನ್ನು ಈಗಲೂ ಹೇಳುವವರಿದ್ದಾರೆ. ಒಬ್ಬೊಬ್ಬರೇ ಗಂಡಸರು ಮನೆಗೆ ಹೋಗಿ, ಕೈಕಾಲು ತೊಳೆದು, ಕಾರಣವೇ ಇಲ್ಲದೆ ಹೆಂಡತಿಯ ಮುಂದೆ ನಿಂತು ಹಲ್ಲು ಕಾಣುವ ಹಾಗೆ ನಕ್ಕರಂತೆ. ಮಠಕ್ಕೆ ಬಾರದ ಹೆಂಗಸರು ಗಾಬರಿಯಾದರು. ಸೋಮಪ್ಪನ ಹೆಂಡತಿಯಂತೂ ಯಾರದೋ ದೃಷ್ಟಿ ತಗುಲಿದೆ ಎಂದು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು.

ಈಶಪ್ಪನನ್ನು ಗುರುಸಿದ್ದವ್ವ ಅಡಿಗೆ ಮನೆಗೆ ಕರೆದಳು. ತಾಟಿನಲ್ಲಿ ಕಡಕ್ ರೊಟ್ಟಿ, ಚಟ್ನಿ, ಉಳ್ಳಾಗಡ್ಡಿ. ಈಶಪ್ಪ ಆಸೆಯಿಂದ ಕೈ ಹಾಕಿದ. ಅವಳು ತಾಟನ್ನು ತನ್ನ ಕಡೆ ಎಳೆದುಕೊಂಡಳು.

“ಮೊದಲ ನಗ್ರಿ.”

“ನಗಾಕ ಏನರ ಕಾರಣ ಬೇಕಲ್ಲ?”

“ನಾ ಈ ಮನಿಗೆ ಬಂದು ಎಷ್ಟ ವರ್ಷಾತು? ಅಷ್ಟ ವರ್ಷದಾಗ ಒಂದೂ ಸಿಗಲಿಲ್ಲೇನು?”

ಈಶಪ್ಪ ಬಾಯಿ ತೆರೆದ, ಮುಚ್ಚಿದ, ಮತ್ತೆ ತೆರೆದ. ನೀರಿನಿಂದ ತೆಗೆದ ಮೀನಿನ ಹಾಗೆ ಒದ್ದಾಡುವ ಅವನನ್ನು ನೋಡಿ ಗುರುಸಿದ್ದವ್ವನಿಗೇ ನಗು ಬಂತು. ಬಾಯಿಗೆ ಸೆರಗು ಒಯ್ಯುವುದು ಮರೆತುಹೋಯಿತು. ಬಾಯಿ ತುಂಬ ನಕ್ಕಳು.

ಈಶಪ್ಪ ನೋಡಿದ. ಮೇಲಿನ ಸಾಲಿನಲ್ಲಿ, ಸರಿಯಾಗಿ ಮುಂದೆಯೇ, ಒಂದು ಹಲ್ಲು ಇರಲಿಲ್ಲ.

“ಏ, ಇದು ಯಾವಾಗ ಬಿತ್ತು?”

ಗುರುಸಿದ್ದವ್ವ ತಟ್ಟನೆ ಬಾಯಿಗೆ ಸೆರಗು ಹಿಡಿದಳು. “ಅದಾ? ಶಿವಗಂಗವ್ವ ಹುಟ್ಟಿದಾಗ.”

ಮಗಳು ಶಿವಗಂಗವ್ವನನ್ನು ಚಿಗಳ್ಳಿಗೆ ಕೊಟ್ಟು, ಅವಳಿಗೂ ಮಕ್ಕಳಾಗಿ, ಅವು ಶಾಲೆಗೆ ಹೋಗುತ್ತಿದ್ದವು. ಈಶಪ್ಪ ರೊಟ್ಟಿಯ ಕಡೆ ನೋಡಲಿಲ್ಲ.

“ನಾಳೆ ಮುಂಜಾನಿ ಬಸ್ಸಿಗೆ ದಾಂಡೇಲಿಗೆ ಹೋಗೂಣು. ನಿನಗೂ ಕಟ್ಟಿಸ್ಕೊಂಡ ಬರೂಣು.”

“ನನಗ್ಯಾಕ್ರಿ?” ಎಂದಳು ಗುರುಸಿದ್ದವ್ವ ಸೆರಗಿನ ಒಳಗಿನಿಂದಲೇ. “ನನ್ನ ಹಲ್ಲ ಯಾರ ನೋಡತಾರ?”

“ನಾ ನೋಡತೇನಿ,” ಎಂದ ಈಶಪ್ಪ.